ಕೌದಿಯ ತುತ್ತು

ತಾರ್ನಾಕ, ಹೈದರಾಬಾದ್
೨೧ ಫೆಬ್ರುವರಿ ೨೦೨೫

ಪ್ರೀತಿಯ ಅಂಬಕ್ಕನಿಗೆ,

ನಿನ್ನ ತಮ್ಮ ಪರಮೇಶನ ನಮಸ್ಕಾರ. ಸಂಕ್ರಾಂತಿಗೆ ನೀನು ಹಾಕಿದ ಕಾರ್ಡಿಗೆ ಶಿವರಾತ್ರಿ ಹತ್ತಿರ ಬಂದಾಗ ಉತ್ತರ ಬರೆಯುತ್ತಿದ್ದೇನೆ, ಬೈಯಬೇಡ. ಡಿಸೆಂಬರಿನಲ್ಲಿ ರಿಟೈರ್ ಆದಾಗಿನಿಂದ ಹೊತ್ತು ಬೇಕಾದಷ್ಟಿದೆ. ಆದರೆ ಹೊತ್ತಿದ್ದಾಗ ಒಂದು ಕೆಲಸವೂ ಮುಗಿಯುವುದಿಲ್ಲ ಎಂಬುದು ಈಗ ತಿಳಿಯುತ್ತಿದೆ. ಫೋನು ಮಾಡಬಹುದಿತ್ತಲ್ಲ ಅನ್ನುತ್ತೀ. ನಿನ್ನ ಕಿವಿಯ ವಿಷಯ ನಿನಗೇ ಗೊತ್ತು. ನಾನು ಏನು ಕೇಳಿದರೂ ‘ಹೂಂ, ಆರಾಮ ಅದೀನಿ’ ಅನ್ನುತ್ತೀ. ಫೋನು ಹಿಡಿದು ಪಕ್ಕದಲ್ಲಿ ನಿಂತ ನಿನ್ನ ಮೊಮ್ಮಗಳು ಪಿಂಕಿ ಮಾತ್ರ ಎಲ್ಲ ಕೇಳಿಸಿಕೊಂಡು ಲಿಂಗಸೂರಿಗೆಲ್ಲ ಹಂಚುತ್ತಾಳೆ. ಅದೂ ಅಲ್ಲದೆ ಈ ಎರಡು ಕೋಣೆಯ ಮನೆಯಲ್ಲಿ ಪಿಸುಗುಟ್ಟಿದರೂ ಅಡುಗೆಮನೆಗೆ ಕೇಳುತ್ತದೆ. ನಾನು ಹೇಳಬೇಕಾದದ್ದು ಅಡುಗೆಮನೆಯಲ್ಲಿ ಇರುವವಳ ಬಗ್ಗೆಯೇ. ಅದಕ್ಕೇ ಬಾಲ್ಕನಿಯಲ್ಲಿ ಕೂತಿದ್ದೇನೆ. ಏನು ಬರೆಯಾಕತ್ತೀರಿ ಎಂದು ಕೇಳಿದಳು, ಪಿಂಚಣಿ ಆಫೀಸಿಗೆ ಅರ್ಜಿ ಎಂದು ಹೇಳಿದೆ.

ಅಕ್ಕಾ, ಸುವರ್ಣಾ ನನ್ನಿಂದ ಏನನ್ನೋ ಮುಚ್ಚಿಡುತ್ತಿದ್ದಾಳೆ.

ನಗಬೇಡ. ಮೂವತ್ತನಾಲ್ಕು ವರ್ಷ ನಾಚಾರಂನ ಕಾರ್ಖಾನೆಯಲ್ಲಿ ತಯಾರಾದ ಮಾಲು ಸರಿಯಿದೆಯೋ ಇಲ್ಲವೋ ನೋಡಿದವನು ನಾನು. ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೂ ನನ್ನ ಕಣ್ಣಿಗೆ ಬೀಳದೆ ಹೊರಗೆ ಹೋದದ್ದಿಲ್ಲ. ಅಂಥ ಕಣ್ಣು ರಿಟೈರ್ ಆದ ಮಾತ್ರಕ್ಕೆ ಮುಚ್ಚುತ್ತದೆಯೇ? ಇಷ್ಟು ದಿನ ಬೆಳಗ್ಗೆ ಹೋಗಿ ಸಂಜೆ ಬರುತ್ತಿದ್ದೆ, ಮನೆಯನ್ನು ನೋಡಿಯೇ ಇರಲಿಲ್ಲ. ಈಗ ನೋಡುತ್ತಿದ್ದೇನೆ, ನೋಡಿದಲ್ಲೆಲ್ಲ ಗುಮಾನಿ.

ಸಂತೆಗೆ ಕರೆದರೆ ಸೊಂಟ ನೋವು ಅನ್ನುತ್ತಿದ್ದವಳು ಈಗ ಬೆಳಗಿನ ಆರೂವರೆಗೆ ಸೆಣಬಿನ ಚೀಲ ಹೆಗಲಿಗೆ ಹಾಕಿಕೊಂಡು ಯೂನಿವರ್ಸಿಟಿ ಕ್ಯಾಂಪಸ್ಸಿಗೆ ಹೊರಡುತ್ತಾಳೆ. ಒಂಬತ್ತಕ್ಕೆ ವಾಪಸು ಬಂದಾಗ ಬೆರಳೆಲ್ಲ ಹಳದಿ. ಅರಿಶಿನವಲ್ಲ, ನಾನು ಮೂಸಿ ನೋಡಿದ್ದೇನೆ. ವಾರಕ್ಕೆ ಎರಡು ಸಲ ಮಧ್ಯಾಹ್ನ ‘ಹಿಟ್ಟ ಬೀಸಿಸ್ಕೊಂಡು ಬರ್ತೀನ್ರಿ’ ಎಂದು ಹೋದರೆ ಮೂರು ತಾಸು. ಎರಡು ಸೇರು ಜೋಳ ಬೀಸಲು ಮೂರು ತಾಸೇ? ಇಲ್ಲಿ ಹೆಂಗಸರಿಗೆ ಬಸ್ಸು ಪುಕ್ಕಟೆ ಮಾಡಿದ್ದಾರೆ. ಅಂದಿನಿಂದ ಈ ಊರಿನ ಗಂಡಂದಿರಿಗೆ ತಮ್ಮ ಹೆಂಡತಿ ಎಲ್ಲಿದ್ದಾಳೆಂದು ತಿಳಿಯುವ ದಾರಿಯೇ ಮುಚ್ಚಿಹೋಗಿದೆ.

ಮನೆಯ ಬಟ್ಟೆಗಳೂ ಮಾಯವಾಗುತ್ತಿವೆ. ಅವಳ ಮೂರು ಹಳೆಯ ಸೀರೆ ಟ್ರಂಕಿನಲ್ಲಿಲ್ಲ. ನನ್ನ ಒಂದು ಧೋತರ ಇಲ್ಲ. ನೀಲಿ ಚೌಕಳಿಯ ಲುಂಗಿ ಇಲ್ಲ. ಲುಂಗಿಯನ್ನು ಇಸ್ತ್ರಿ ಅಂಗಡಿಯ ಅಂಬಾದಾಸ ಹೊಡೆದಿದ್ದಾನೆಂದು ನಾಲ್ಕು ಜನರ ಎದುರಿಗೇ ಕೇಳಿಬಿಟ್ಟೆ. ಅವನು ದೇವರಾಣೆ ಹಾಕಿದ. ಆಣೆ ಹಾಕುವವರನ್ನು ನಾನು ನಂಬುವುದಿಲ್ಲ, ನಿನಗೆ ಗೊತ್ತಲ್ಲ.

ಇಲ್ಲಿ ಬೇಸಿಗೆಯ ಬಾಗಿಲು ತೆರೆದಂತಾಗಿದೆ. ಬೆಳಗ್ಗೆ ಮಾತ್ರ ತಂಪುಗಾಳಿ. ಬೇವು ಹಳೆಯ ಎಲೆ ಉದುರಿಸುತ್ತಿದೆ, ಬೂರುಗದ ಮರದಲ್ಲಿ ಅಂಗೈಯಗಲದ ಕೆಂಪು ಹೂವು. ಕ್ಯಾಂಪಸ್ಸಿನ ಕಡೆಯಿಂದ ಕೋಗಿಲೆ ಒಂದೇ ಸಮನೆ ಕೂಗುತ್ತದೆ, ಯಾರಿಗೋ ಸನ್ನೆ ಮಾಡುವ ಹಾಗೆ. ಅದೆಲ್ಲ ಚಂದವೇ, ಇಲ್ಲ ಅನ್ನುವುದಿಲ್ಲ. ಆದರೆ ಇಷ್ಟೊಂದು ಚಂದ ಒಮ್ಮೆಲೇ ಬಂದರೆ ನನಗೆ ಏನೋ ಒಳಗುಟ್ಟು ಇದೆ ಅನ್ನಿಸುತ್ತದೆ.

ನಿಜ ಹೇಳಲೇ? ನನಗೆ ಭಯವಾಗಿದೆ. ನಮ್ಮ ಅನ್ವಿತಾ ಈ ಮನೆಗೆ ಕಾಲಿಡದೆ ಎರಡೂವರೆ ವರ್ಷವಾಗುತ್ತ ಬಂತು. ಇರುವುದು ಇಲ್ಲೇ ಕುಷಾಯಿಗೂಡದಲ್ಲಿ, ಬಸ್ಸಿನಲ್ಲಿ ಅರ್ಧ ಗಂಟೆಯ ದಾರಿ. ಸಣ್ಣ ಮಾತಿಗೆ ಸಿಟ್ಟು ಮಾಡಿಕೊಂಡು ಗಂಡ ನಿಶಾಂತನನ್ನು ಕರೆದುಕೊಂಡು ಹೋದವಳು ತಿರುಗಿ ನೋಡಲಿಲ್ಲ. ಅವಳಿಗೆ ಅಷ್ಟು ಸೊಕ್ಕಿದ್ದರೆ ನನಗೂ ಇದೆ. ಅವಳ ಸುದ್ದಿ ಈ ಮನೆಯಲ್ಲಿ ಎತ್ತಬಾರದೆಂದು ಅವತ್ತೇ ಸುವರ್ಣಾಗೆ ಹೇಳಿದ್ದೇನೆ. ಮಗಳು ಹೋದಳು, ಈಗ ಹೆಂಡತಿಯ ಮನಸ್ಸೂ ಹೊರಗೆ ಹೊರಟಿದೆ. ಇವಳೂ ಕೈಬಿಟ್ಟರೆ ಈ ಎರಡು ಕೋಣೆಯಲ್ಲಿ ನಾನು ಒಬ್ಬನೇ ಏನು ಮಾಡಲಿ?

ಓದಿ ಹರಿದುಹಾಕು. ಪಿಂಕಿಯ ಕೈಗೆ ಕೊಡಬೇಡ. ಲಕೋಟೆಗೆ ಅಂಟು ಹಚ್ಚಿದ ಮೇಲೆ ಅಡ್ಡಗೆರೆ ಎಳೆಯುತ್ತೇನೆ. ಗೆರೆ ಒಂದಕ್ಕೊಂದು ಕೂಡದಿದ್ದರೆ ಯಾರೋ ತೆರೆದಿದ್ದಾರೆಂದು ತಿಳಿ.

ನಿನ್ನ ತಮ್ಮ,
ಪರಮೇಶ

*

ತಾರ್ನಾಕ
೧೧ ಮಾರ್ಚ್ ೨೦೨೫

ಪ್ರೀತಿಯ ಅಕ್ಕಾ,

ನಮಸ್ಕಾರ. ನಿನ್ನ ಕಾರ್ಡು ಬಂದು ಎಂಟು ದಿನವಾಯಿತು. ಉತ್ತರ ಬರೆಯಲು ತಡವಾದದ್ದು ಸೋಮಾರಿತನದಿಂದಲ್ಲ, ತಪಾಸಣೆ ಮುಗಿದಿರಲಿಲ್ಲ. ‘ಹೆಣ್ಮಗಳು ನಾಕ ಹೆಜ್ಜಿ ಹೊರಗ ಹೋದ್ರ ನಿನಗೇನು ತ್ರಾಸ? ಸುಮ್ಮ ಕುಂದ್ರು’ ಎಂದಷ್ಟೇ ಬರೆದಿದ್ದೀ. ಕಾರ್ಡಿನ ಅಂಚಿನಲ್ಲೂ ಅಕ್ಷರ ತುರುಕುವವಳು ನೀನು, ಈ ಸಲ ಅರ್ಧ ಕಾರ್ಡು ಖಾಲಿ ಬಿಟ್ಟಿದ್ದೀ. ಇದನ್ನೂ ನಾನು ಗಮನಿಸಿದ್ದೇನೆ.

ಸುಮ್ಮನೆ ಕೂರಲಿಲ್ಲ. ಪೇಪರನ್ನು ಬಗಲಲ್ಲಿಟ್ಟುಕೊಂಡು ಅವಳ ಹಿಂದೆ ಹೋದೆ. ಎಪ್ಪತ್ತು ಎಂಬತ್ತು ಹೆಜ್ಜೆ ಬಿಟ್ಟು, ಮರದಿಂದ ಮರಕ್ಕೆ. ಕ್ಯಾಂಪಸ್ಸಿನ ಒಳಗೆ ಒಂದು ಮುತ್ತುಗದ ಮರವಿದೆ, ತೆಲುಗಿನವರು ಮೋದುಗ ಅನ್ನುತ್ತಾರೆ. ಮೈಮೇಲೆ ಒಂದು ಎಲೆಯಿಲ್ಲ, ಬರೀ ಕೆಂಡದ ಬಣ್ಣದ ಹೂವು. ಕಾರ್ಖಾನೆಯಲ್ಲಾಗಿದ್ದರೆ ಇಂಥ ಮರವನ್ನು ಬದಿಗಿಟ್ಟು ಮೊದಲು ಎಲೆ ಎಲ್ಲಿ ಹೋಯಿತು ಹೇಳು ಎಂದು ಕೇಳುತ್ತಿದ್ದೆ. ಅದರ ಕೆಳಗೆ ಎಂಟು ಹತ್ತು ಹೆಂಗಸರು ಚಾಪೆ ಹಾಸಿಕೊಂಡು ಕೂತಿದ್ದರು. ಒಬ್ಬಳು ಉದುರಿದ ಹೂವು ಆರಿಸುತ್ತಾಳೆ. ಇನ್ನೊಬ್ಬಳು ಬಿಳಿ ಬಟ್ಟೆಯ ಮಡಿಕೆಯಲ್ಲಿ ಎಲೆಯಿಟ್ಟು ಮೇಲಿಂದ ಕಲ್ಲಿನಲ್ಲಿ ಕುಟ್ಟುತ್ತಾಳೆ. ಬಟ್ಟೆ ಬಿಚ್ಚಿದರೆ ಎಲೆಯ ನರನರವೂ ಹಸಿರಾಗಿ ಮೂಡಿರುತ್ತದೆ. ಕೆಲವರು ನೋಟುಬುಕ್ಕಿನಲ್ಲಿ ಚಿತ್ರ ಬರೆಯುತ್ತಾರೆ, ಕೆಲವರು ಹೊಲಿಯುತ್ತಾರೆ. ಇವರೆಲ್ಲರ ನಡುವೆ ನನ್ನ ಹೆಂಡತಿ ತೊಡೆಯ ಮೇಲೆ ಬಟ್ಟೆ ಹರಡಿಕೊಂಡು, ಸೂಜಿ ಹಿಡಿದು, ನಗುತ್ತಾ ಕೂತಿದ್ದಳು. ಮನೆಯಲ್ಲಿ ಅವಳು ಹಾಗೆ ನಕ್ಕಿದ್ದನ್ನು ನೋಡಿ ಎಷ್ಟು ದಿನವಾಯಿತೋ. ಹೊಟ್ಟೆ ಉರಿಯಿತು ಅಕ್ಕಾ, ಸುಳ್ಳು ಯಾಕೆ ಹೇಳಲಿ.

ಇವರಲ್ಲಿ ಹಿರಿಯರು ಸಂಪದಾ ಬಾಯಿ. ಬೀದರ ಕಡೆಯವರು, ಇಲ್ಲಿ ಶಾಲೆಯಲ್ಲಿ ಡ್ರಾಯಿಂಗ್ ಟೀಚರಾಗಿ ರಿಟೈರ್ ಆದವರು. ನಲವತ್ತು ವರ್ಷ ಇಲ್ಲಿದ್ದು ಅವರ ಕನ್ನಡದಲ್ಲಿ ತೆಲುಗು, ಹಿಂದಿ ಎಲ್ಲ ಕಲಸಿಹೋಗಿದೆ. ಐದನೆಯ ದಿನ ನಾನು ಅವರ ಬೆನ್ನ ಹಿಂದಿನ ಕಟ್ಟೆಯ ಮರೆಯಲ್ಲಿ ಪೇಪರು ಅಡ್ಡ ಹಿಡಿದು ಕೂತಿದ್ದೆ. ಆಗ ಅವರು ಸುವರ್ಣಾಗೆ ಕೇಳಿದ ಮಾತು ಕಿವಿಗೆ ಬಿತ್ತು.

“ಪಾಪ ಹ್ಯಾಂಗೈತ್ರಿ ಈಗ?”

ಸುವರ್ಣಾ ನಿಟ್ಟುಸಿರು ಬಿಟ್ಟು ಹೇಳಿದಳು: “ಏನ್ ಹೇಳ್ಲಿರಿ, ದಿನಾ ಸಿಡಿಸಿಡಿ. ಏನ್ ತಿನ್ನಿಸಿದ್ರೂ ಥೂ ಅಂತ ಉಗುಳತೈತಿ. ಬಾಜೂಕ ಕುಂತ್ರ ಸುಮ್ಮನಿರತೈತಿ, ಎದ್ರ ಚೀರತೈತಿ.”

ಅಷ್ಟೂ ಹೆಂಗಸರು ನಕ್ಕರು.

ನನ್ನ ಮುಖಕ್ಕೆ ರಕ್ತ ಏರಿತು. ಪಾಪ! ಪರ ಹೆಂಗಸರು ನನಗೆ ಪಾಪ ಅನ್ನುವ ಮಟ್ಟಕ್ಕೆ ಬಂತೇ? ಅದೂ ‘ಹ್ಯಾಂಗ ಅದಾರ’ ಅಲ್ಲ, ‘ಹ್ಯಾಂಗೈತಿ’, ದನಕರುವಿನ ಆರೋಗ್ಯ ವಿಚಾರಿಸಿದ ಹಾಗೆ. ಕಟ್ಟಿಕೊಂಡ ಹೆಂಡತಿಯೂ ಅದೇ ಧಾಟಿಯಲ್ಲಿ ಉತ್ತರ ಕೊಡುತ್ತಾಳೆ. ಹಿಂದಿನ ರಾತ್ರಿ ಹೀರೇಕಾಯಿ ಚಟ್ನಿಗೆ ಉಪ್ಪು ಹೆಚ್ಚಾಗಿದೆ ಅಂದಿದ್ದು ನಿಜ. ಉಗುಳಿರಲಿಲ್ಲ. ಚೀರಿಯಂತೂ ಇರಲಿಲ್ಲ, ಜೋರಾಗಿ ಹೇಳಿದ್ದೆ ಅಷ್ಟೇ. ನನ್ನ ಮನೆಯ ಮಾತು ಹೀಗೆ ಮರದ ಕೆಳಗೆ ಹರಾಜಾಗುತ್ತಿದೆ.

ಸಿಟ್ಟಿನಲ್ಲಿ ಪೇಪರು ಕೈಜಾರಿತು. ಸಂಪದಾ ಬಾಯಿ ತಿರುಗಿ ನೋಡಿದರು. “ನಾಕ ದಿನದಿಂದ ನೋಡಾಕತ್ತೀನ್ರಿ, ಪೇಪರು ತಲಿಕೆಳಗ ಹಿಡಿದು ಓದ್ತೀರಿ. ಮರಿಯಾಗ ಯಾಕ ಕುಂತೀರಿ? ಮುಂದ ಬರ್ರಿ!” ಎಂದರು. ಸುವರ್ಣಾ ಸರಕ್ಕನೆ ಸೆರಗನ್ನು ತೊಡೆಯ ಮೇಲಿನ ಬಟ್ಟೆಗೆ ಎಳೆದುಕೊಂಡಳು. ನಾನು ನೋಡಿದೆ. ನಾನು ನೋಡಿದ್ದನ್ನು ಅವಳೂ ನೋಡಿದಳು. “ಏನ್ ಹೊಲಿಯಾಕತ್ತೀ?” ಎಂದು ಕೇಳಿದೆ. “ಕಾಲೊರಸೂದ್ರಿ” ಎಂದಳು. ಕಾಲೊರಸುವ ಬಟ್ಟೆಯನ್ನು ಸೆರಗಿನಿಂದ ಯಾರು ಮುಚ್ಚುತ್ತಾರೆ?

ಎದ್ದು ಹೋಗೋಣವೆಂದರೆ ಸಂಪದಾ ಬಾಯಿ ಬಿಡಲಿಲ್ಲ. ಒಂದು ಹಾಳೆ, ಒಂದು ಪೆನ್ಸಿಲು, ಒಂದು ಮುತ್ತುಗದ ಹೂವು ಕೈಗೆ ಕೊಟ್ಟು “ಇದರ ಚಿತ್ರ ತಗೀರಿ” ಎಂದು ಮಕ್ಕಳಿಗೆ ಹೇಳುವ ಹಾಗೆ ಹೇಳಿದರು. ನನಗೆ ಚಿತ್ರ ಬರುವುದಿಲ್ಲ ಅಂದೆ. “ಅಳತಿ ಬರತೈತಿಲ್ಲೋ? ಅಳತಿ ಹಿಡೀರಿ, ಚಿತ್ರ ತಾನ ಬರತೈತಿ.” ಹೂವನ್ನು ಬೆರಳಲ್ಲಿ ತಿರುಗಿಸಿ ನೋಡಿದೆ. ಗಿಳಿಯ ಕೊಕ್ಕಿನಂಥ ಬಾಗು, ಹೊರಗೆ ಮಖಮಲ್ಲಿನಂಥ ರೋಮ, ಬುಡದಲ್ಲಿ ಕಪ್ಪು ಬಟ್ಟಲು. ಮೂರು ಸಲ ಬರೆದು ಮೂರನ್ನೂ ನಾನೇ ತಿರಸ್ಕರಿಸಿದೆ. ನಾಲ್ಕನೆಯದರಲ್ಲಿ ಕೊಕ್ಕು ಸರಿಯಾಗಿ ಬಾಗಿತು. ತಲೆ ಎತ್ತಿದಾಗ ಒಂದು ತಾಸಿನ ಮೇಲಾಗಿತ್ತು. ಅಕ್ಕಾ, ಆ ಒಂದು ತಾಸು ನನಗೆ ಯಾರ ಮೇಲೂ ಗುಮಾನಿ ಬರಲಿಲ್ಲ. ಸಂತೋಷವಾಯಿತು ಎಂದೇ ಹೇಳಬೇಕು. ಮನೆಗೆ ಬಂದ ಮೇಲೆ ಅದರ ಬಗ್ಗೆಯೇ ಗುಮಾನಿ ಬಂತು, ನನ್ನ ಗಮನ ಬೇರೆಡೆ ಸೆಳೆಯಲೆಂದೇ ಅವರು ಪೆನ್ಸಿಲು ಕೊಟ್ಟರೇನೋ ಎಂದು.

ಆದರೂ ದಿನಾ ಹೋಗುತ್ತಿದ್ದೇನೆ. ಬೂರುಗದ ಹೂವು ಮುಗಿಸಿ ಹೊಂಗೆಯ ಚಿಗುರಿಗೆ ಬಂದಿದ್ದೇನೆ. ಸುವರ್ಣಾ ಆ ಹೂವುಗಳನ್ನು ಪಟಿಕ ಹಾಕಿ ಕುದಿಸಿ ಮನೆಯಲ್ಲಿ ಹಳದಿ ಬಣ್ಣ ತೆಗೆದಳು. ಹೋಳಿ ಹಬ್ಬಕ್ಕೆ ಎಂದು ಹೇಳಿದ್ದಾಳೆ. ಮೂರೇ ಬಾಟಲಿ ಹಬ್ಬಕ್ಕೆ ಇಟ್ಟಳು, ಉಳಿದ ಬಣ್ಣ ಎಲ್ಲಿ ಹೋಯಿತೋ ಲೆಕ್ಕವಿಲ್ಲ.

ನೀನು ಏನಾದರೂ ಬಲ್ಲೆಯಾದರೆ ಬರೆ. ನನ್ನನ್ನು ಸಾಕಿದವಳು ನೀನು, ನೀನಾದರೂ ಮುಚ್ಚಿಡಬೇಡ.

ನಿನ್ನ,
ಪರಮೇಶ

*

ತಾರ್ನಾಕ
೨೬ ಮಾರ್ಚ್ ೨೦೨೫, ಮಧ್ಯಾಹ್ನ

ಅಕ್ಕಾ,

ಈ ಪತ್ರಕ್ಕೆ ನಮಸ್ಕಾರ ಬರೆಯುವ ಮನಸ್ಸಿಲ್ಲ.

ಸುವರ್ಣಾ ‘ಹಿಟ್ಟು ಬೀಸಿಸಲು’ ಹೋಗಿ ಎರಡೂವರೆ ತಾಸಾಯಿತು. ಹಾಸಿಗೆಗಳ ನಡುವೆ ಕೈ ಹಾಕಿದೆ, ಸಿಕ್ಕಿತು. ಕಾಲೊರಸುವುದಲ್ಲ, ಕೌದಿ. ಟೇಪು ತಂದು ಅಳೆದೆ. ಮೂವತ್ತೆರಡು ಇಂಚು ಉದ್ದ, ಇಪ್ಪತ್ತಾರು ಅಗಲ. ಇನ್ನೊಮ್ಮೆ ಅಳೆದೆ, ಅಷ್ಟೇ. ಇಷ್ಟು ಚಿಕ್ಕ ಕೌದಿಯನ್ನು ಯಾರು ಹೊದೆಯುತ್ತಾರೆ?

ಹಾಸಿ ನೋಡಿದೆ. ಅಂಚಿಗೆ ಸುವರ್ಣಾಳ ಸೀರೆಗಳು. ಅದರ ಒಳಗೆ ಮುತ್ತುಗದ ಬಣ್ಣದಲ್ಲಿ ಅದ್ದಿದ ನನ್ನ ಧೋತರ, ಬಿಸಿಲಿನ ಹಳದಿ. ನಾಲ್ಕು ಚೌಕದಲ್ಲಿ ಕುಟ್ಟಿ ಮೂಡಿಸಿದ ಎಲೆಗಳು. ನಟ್ಟನಡುವೆ ನನ್ನ ನೀಲಿ ಚೌಕಳಿಯ ಲುಂಗಿ. ಇಂಚಿಗೆ ಏಳು ಹೊಲಿಗೆ, ಸಾಲು ಎಲ್ಲೂ ಬಾಗಿಲ್ಲ. ತಪ್ಪು ಹುಡುಕಿದೆ, ಸಿಗಲಿಲ್ಲ. ಒಂದು ಮೂಲೆ ಮಾತ್ರ ಹೊಲಿಯದೆ ಬಾಯಿ ತೆರೆದುಕೊಂಡಿದೆ. ಕೈಲಿ ಹಿಡಿದರೆ ಬೆಣ್ಣೆಯಷ್ಟು ಮೆತ್ತಗೆ. ಹಿಡಿದಾಗಲೇ ನನಗೆ ಹೊಳೆದದ್ದು.

ಸಂಪದಾ ಬಾಯಿ ನನ್ನನ್ನು ಪಾಪ ಅಂದಿರಲಿಲ್ಲ. ತೆಲುಗಿನಲ್ಲಿ ಪಾಪ ಎಂದರೆ ಹೆಣ್ಣು ಕೂಸು. ಅವರು ತೆಲುಗಿನ ‘ಪಾಪ’ಕ್ಕೆ ಕನ್ನಡದ ‘ಹ್ಯಾಂಗೈತಿ’ ಸೇರಿಸಿ ಕೇಳಿದ್ದರು. ತಿನ್ನಿಸಿದ್ದನ್ನು ಉಗುಳುವುದು ಕೂಸು, ಪಕ್ಕದಿಂದ ಎದ್ದರೆ ಚೀರುವುದು ಕೂಸು. ಮೂವತ್ತನಾಲ್ಕು ವರ್ಷ ಈ ಊರಿನಲ್ಲಿ ತೆಲುಗು ಮಾತಾಡಿದ ನಾನು ಅದನ್ನು ನನ್ನದೇ ಸುದ್ದಿ ಎಂದುಕೊಂಡೆ. ಅನ್ವಿತಾಗೆ ಮಗಳು ಹುಟ್ಟಿದ್ದಾಳೆ. ನಾನು ಅಜ್ಜ ಆಗಿದ್ದೇನೆ, ಅದನ್ನು ಟೇಪು ಹಿಡಿದು ಕಂಡುಹಿಡಿದಿದ್ದೇನೆ.

ಈಗ ನಿನ್ನ ವಿಚಾರ. ಲುಂಗಿಯ ಬಲಕ್ಕೆ ಒಂದು ತುಂಡು ಇದೆ, ಕೆಂಪು ದಡಿಯ ಹಸಿರು ಇಳಕಲ್ ಸೀರೆ. ನನ್ನ ಮದುವೆಯಲ್ಲಿ ನೀನು ಉಟ್ಟಿದ್ದ ಸೀರೆ. ಅದು ಲಿಂಗಸೂರಿನ ನಿನ್ನ ಟ್ರಂಕಿನಿಂದ ತಾನಾಗಿ ನಡೆದು ಬಂತೇ? ಹೋದ ಆಗಸ್ಟಿನಲ್ಲಿ ನಿನ್ನ ಮೊಣಕಾಲು ನೋವಿಗೆ ಸೇವೆ ಮಾಡಲು ಸುವರ್ಣಾ ಒಂದೂವರೆ ತಿಂಗಳು ಬಂದಿದ್ದಳಲ್ಲ. ‘ನಿನ್ನ ಹೇಣ್ತಿ ಭಾಳ ಛಂದ ನೋಡ್ಕೋತಾಳ’ ಎಂದು ನೀನು ಕಾರ್ಡು ಬೇರೆ ಬರೆದಿದ್ದೆ. ಯಾವ ಕಾಲು ಅಕ್ಕಾ, ಎಡಗಾಲೋ ಬಲಗಾಲೋ? ಅವಳು ಕುಷಾಯಿಗೂಡದಲ್ಲಿ ಮಗಳ ಬಾಣಂತನ ಮಾಡುತ್ತಿದ್ದಳು, ನೀನು ಲಿಂಗಸೂರಿನಲ್ಲಿ ಕಾಲು ನೋಯಿಸಿಕೊಳ್ಳುತ್ತಿದ್ದೆ, ನಾನು ಇಲ್ಲಿ ಮೆಸ್ಸಿನ ಊಟ ಮಾಡುತ್ತಿದ್ದೆ.

ಒಂದು ತಿಂಗಳಿಂದ ನನ್ನ ಗುಮಾನಿಯನ್ನೆಲ್ಲ ನಿನಗೇ ಬರೆದೆ. ಎಲ್ಲ ಓದಿ ಅರ್ಧ ಕಾರ್ಡು ಖಾಲಿ ಬಿಟ್ಟೆಯಲ್ಲ, ನಿನಗೆ ಹೇಗೆ ಮನಸ್ಸು ಬಂತು?

ಮೆಟ್ಟಿಲ ಮೇಲೆ ಅವಳ ಚಪ್ಪಲಿಯ ಸದ್ದು ಕೇಳುತ್ತಿದೆ.

ಪರಮೇಶ

*

ತಾರ್ನಾಕ
೩೧ ಮಾರ್ಚ್ ೨೦೨೫

ಪ್ರೀತಿಯ ಅಕ್ಕನಿಗೆ,

ವಿಶ್ವಾವಸು ಸಂವತ್ಸರದ ನಮಸ್ಕಾರ. ಹೋದ ಪತ್ರದಲ್ಲಿ ನಮಸ್ಕಾರ ಬರೆಯದೆ ಬಿಟ್ಟದ್ದಕ್ಕೆ ಈ ಪತ್ರದಲ್ಲಿ ಎರಡು ಸೇರಿಸಿಕೋ. ನಿನ್ನೆ ಯುಗಾದಿ. ಮೊದಲ ಸಲ ನಾನೇ ಕ್ಯಾಂಪಸ್ಸಿಗೆ ಹೋಗಿ ಬೇವಿನ ಹೂವು ತಂದೆ. ಹೂವನ್ನು ಎಲೆಯಿಂದ ಬಿಡಿಸುತ್ತಾ ಕೂತವನಿಗೆ ಒಂದೊಂದು ಹೂವಿನಲ್ಲೂ ಐದೇ ಎಸಳು ಇರುವುದು ಗೊತ್ತಾಯಿತು. ನೂರಾರು ಹೂವು ನೋಡಿದೆ, ಒಂದೂ ಲೆಕ್ಕ ತಪ್ಪಿರಲಿಲ್ಲ.

ಅವತ್ತು ಆದದ್ದನ್ನು ಹೇಳಬೇಕು. ಸುವರ್ಣಾ ಒಳಗೆ ಬಂದಾಗ ಕೌದಿ ನನ್ನ ತೊಡೆಯ ಮೇಲಿತ್ತು, ಟೇಪು ಕೊರಳಲ್ಲಿತ್ತು. ಹಿಟ್ಟಿನ ಚೀಲ ಕೆಳಗಿಟ್ಟಳು. ನಾನು ಕೂಗಾಡಲು ಬಾಯಿ ತೆರೆದೆ. ಬಂದದ್ದು ಒಂದೇ ಮಾತು: “ಎಷ್ಟ ತಿಂಗಳಾತು?”

“ಎಂಟರಾಗ ಬಿದ್ದೈತ್ರಿ.”

“ನನಗ ಯಾಕ ಹೇಳಲಿಲ್ಲ?”

“ನೀವ ಹೇಳಿದ್ರಿ ಅಕಿ ಸುದ್ದಿ ಎತ್ತಬ್ಯಾಡ ಅಂತ. ನಾ ಎತ್ತಲಿಲ್ಲ.”

ಅಷ್ಟೇ ಹೇಳಿದಳು. ದನಿ ಏರಿಸಲಿಲ್ಲ, ಅಳಲಿಲ್ಲ. ನನ್ನ ಮಾತನ್ನು ಇಷ್ಟು ಚೆನ್ನಾಗಿ ಯಾರಾದರೂ ಪಾಲಿಸಬಹುದು ಎಂದು ನಾನು ಎಣಿಸಿರಲಿಲ್ಲ. ಕೂಸಿನ ಹೆಸರು ಕೇಳಿದೆ. “ಅಕೀನ್ನ ಕೇಳ್ರಿ” ಎಂದಳು.

ಆಮೇಲೆ ಹೊಲಿಯದ ಮೂಲೆಯನ್ನು ತೋರಿಸಿ ಇದು ಯಾಕೆ ಹೀಗಿದೆ ಎಂದೆ. “ತುತ್ತು ಹಾಕೂದೈತ್ರಿ, ಮರತೀರೇನು?” ಎಂದಳು. ನಿಜಕ್ಕೂ ಮರೆತಿದ್ದೆ. ಅವ್ವ ಕೌದಿ ಹೊಲಿದಾಗಲೆಲ್ಲ ಕೊನೆಯ ಮೂಲೆ ತೆರೆದಿಟ್ಟು, ಅಜ್ಜನ ಕೈಯಿಂದ ಒಂದು ತುತ್ತು ಹೋಳಿಗೆಯೋ ರೊಟ್ಟಿಯೋ ಅದರೊಳಗೆ ಹಾಕಿಸಿ, ಆಮೇಲೆ ಹೊಲಿಯುತ್ತಿದ್ದಳು. ಹಸಿದ ಕೌದಿ ಹೊದ್ದವರನ್ನು ಬೆಚ್ಚಗಿಡುವುದಿಲ್ಲವಂತೆ. ಮನೆಯ ಹಿರಿಯನೇ ಹಾಕಬೇಕು. ನಿಶಾಂತನ ಅಪ್ಪ ಇಲ್ಲ. ಹಾಗಾದರೆ ಉಳಿದವನು ನಾನೇ. ಸಲೀಸಾಗಿ “ಯುಗಾದಿ ಹೋಳಿಗಿ ಮಾಡಿದಾಗ ನಾ ಹಾಕ್ತೀನಿ” ಅಂದೆ.

ಸುವರ್ಣಾ ಕೌದಿಯನ್ನು ನನ್ನ ತೊಡೆಯಿಂದ ಎತ್ತಿ ಮಡಿಸಿದಳು. “ಅನ್ವಿತಾನ ಕೇಳಿ ಹೇಳ್ತೀನ್ರಿ” ಎಂದಳು.

ಅಕ್ಕಾ, ನಾನು ಎಷ್ಟೋ ಜನರ ಮಾಲನ್ನು ಪಾಸು ಮಾಡಿದ್ದೇನೆ, ಫೇಲು ಮಾಡಿದ್ದೇನೆ. ಅವರು ಎದುರಿಗೆ ಕೈಕಟ್ಟಿ ನಿಂತಾಗ ಅವರಿಗೆ ಹೇಗಿರುತ್ತದೆ ಎಂದು ಒಂದು ದಿನವೂ ಯೋಚಿಸಿದವನಲ್ಲ. ಗುರುವಾರ, ಶುಕ್ರವಾರ, ಶನಿವಾರ ಕಾದೆ. ಫೋನು ರಿಂಗಾದಾಗಲೆಲ್ಲ ಅವಳ ಮುಖ ನೋಡುತ್ತಿದ್ದೆ. ಕೇಳುವ ಧೈರ್ಯವಿರಲಿಲ್ಲ. ಸುಮ್ಮನೆ ಕೂರಲಾಗದೆ ಅಂಬಾದಾಸನ ಅಂಗಡಿಗೆ ಹೋದೆ, ಲುಂಗಿಯ ವಿಷಯದಲ್ಲಿ ತಪ್ಪಾಯಿತು ಎಂದು ಹೇಳಿಬಿಡೋಣವೆಂದು. ಅವನ ಎದುರಿಗೆ ನಿಂತೆ. ಇಸ್ತ್ರಿಗೆ ಆರು ಅಂಗಿ ಕೊಟ್ಟು ವಾಪಸು ಬಂದೆ.

ನಿನ್ನೆ ಬೆಳಗ್ಗೆ ಬೇವು ಬೆಲ್ಲ ಕೈಗೆ ಹಾಕುವಾಗ ಸುವರ್ಣಾ “ಹೂಂ ಅಂದಾಳ್ರಿ” ಎಂದಳು. ಬೇವಿನ ಕಹಿ ಗೊತ್ತಾಗಲೇ ಇಲ್ಲ. ಕಾವಲಿಯಿಂದ ಇಳಿದ ಮೊದಲ ಹೋಳಿಗೆಯನ್ನು ತುಪ್ಪ ಹಚ್ಚದೆ ಒಣಗಿಸಿ, ಒಂದು ತುತ್ತು ಮುರಿದು ಆ ಮೂಲೆಯೊಳಗೆ ನನ್ನ ಕೈಯಾರೆ ಇಟ್ಟೆ. ಅವಳು ಸೂಜಿಗೆ ದಾರ ಪೋಣಿಸಿ ಕೊಟ್ಟಳು. ಹನ್ನೊಂದು ಹೊಲಿಗೆ ನಾನೇ ಹಾಕಿದೆ. ಮಿಕ್ಕ ಕೌದಿಯಲ್ಲಿ ಇಲ್ಲದ ಸೊಟ್ಟ ಸಾಲು ಆ ಮೂಲೆಯಲ್ಲಿದೆ. ಬಿಚ್ಚಿ ಮತ್ತೆ ಹಾಕುತ್ತೇನೆ ಅಂದೆ. “ಇರ್ಲಿ ಬಿಡ್ರಿ, ಯಾರ ಹಾಕ್ಯಾರ ಅಂತ ಗೊತ್ತಾಗ್ಲಿ” ಎಂದಳು. ಬರುವ ಭಾನುವಾರ ಕೌದಿ ಕೊಡಲು ಕುಷಾಯಿಗೂಡಕ್ಕೆ ಹೋಗುತ್ತಾಳೆ. ನನ್ನನ್ನು ಬಾ ಎಂದಿಲ್ಲ, ಬೇಡ ಎಂದೂ ಇಲ್ಲ.

ನಿನ್ನ ಮೇಲೆ ಸಿಟ್ಟಿತ್ತು, ಈಗ ಅಷ್ಟಿಲ್ಲ. ನೀನು ಮುಚ್ಚಿಡದಿದ್ದರೆ ನನ್ನ ಮಗಳ ಬಾಣಂತನ ಮಾಡುವವರು ಯಾರಿರುತ್ತಿದ್ದರು? ಮುತ್ತುಗದ ಹೂವಿನ ಒಂದು ಚಿತ್ರ ಇದರ ಜೊತೆಗೆ ಇಟ್ಟಿದ್ದೇನೆ, ನಾಲ್ಕನೆಯದು. ಗೋಡೆಗೆ ಅಂಟಿಸಬೇಡ, ನೋಡಿ ಎತ್ತಿಡು. ಪಿಂಕಿಗೆ ನನ್ನ ಆಶೀರ್ವಾದ ಹೇಳು, ಈ ಪತ್ರ ಅವಳು ಓದಿದರೂ ಪರವಾಗಿಲ್ಲ. ಹೊಸ ವರ್ಷ ನಿನ್ನನ್ನು ತಂಪಾಗಿಡಲಿ. ನನ್ನ ತಲೆಯ ಮೇಲೆ ನಿನ್ನ ಕೈ ಇರಲಿ.

ನಿನ್ನ ತಮ್ಮ,
ಪರಮೇಶ

ತಾ.ಕ.: ಸಣ್ಣ ಮಾತಿಗೆ ಸಿಟ್ಟಾಗಿ ಹೋದಳು ಎಂದು ನಿನಗೆ ಬರೆದಿದ್ದೆನಲ್ಲ, ಅದು ಸುಳ್ಳು. ಆ ದೀಪಾವಳಿಯಲ್ಲಿ ಸುವರ್ಣಾಳ ಚಿನ್ನದ ಬೋರಮಾಳ ಸರ ಕಾಣದೆ ಹೋಯಿತು. ಅನ್ವಿತಾ ಹಬ್ಬ ಮುಗಿಸಿ ಹೊರಟು ಚಪ್ಪಲಿ ಹಾಕಿಕೊಳ್ಳುತ್ತಿದ್ದಳು. ನಾನು ಬಾಗಿಲಿಗೆ ಅಡ್ಡ ನಿಂತು, ಪಾಳಿ ಮುಗಿಸಿ ಹೊರಗೆ ಹೋಗುವವರನ್ನು ಕಾರ್ಖಾನೆಯ ಗೇಟಿನಲ್ಲಿ ಕೇಳುವ ಹಾಗೆ “ಬ್ಯಾಗ್ ತಗಿ, ನೋಡೂಣು” ಎಂದೆ. ನಿಶಾಂತ ಮೆಟ್ಟಿಲ ಮೇಲೆ ನಿಂತಿದ್ದ. ಅವಳು ಬ್ಯಾಗನ್ನು ನೆಲದ ಮೇಲಿಟ್ಟು ಒಂದೊಂದೇ ಸಾಮಾನು ತೆಗೆದು ಸಾಲಾಗಿ ಇಟ್ಟಳು. ಎರಡು ಸೀರೆ, ಅವಳವ್ವ ಕಟ್ಟಿಕೊಟ್ಟ ಚಕ್ಕುಲಿ ಡಬ್ಬಿ, ಬಾಚಣಿಗೆ. “ಇನ್ನೂ ಏನರ ನೋಡೂದೈತೇನಪ್ಪಾ?” ಎಂದು ಕೇಳಿದಳು. “ಇಲ್ಲ, ಹೋಗು” ಎಂದೆ. ಮೂರನೆಯ ದಿನ ಸರ ಜೋಳದ ಡಬ್ಬಿಯಲ್ಲಿ ಸಿಕ್ಕಿತು, ಸುವರ್ಣಾಳೇ ಇಟ್ಟು ಮರೆತಿದ್ದಳು. ಸಿಕ್ಕಿತೆಂದು ಸುವರ್ಣಾ ಮಗಳಿಗೆ ಫೋನು ಮಾಡಿದಳು, ನಾನು ಮಾಡಲಿಲ್ಲ.

ನಿನ್ನೆ ಹೋಳಿಗೆಯ ತುತ್ತಿನ ಜೊತೆಗೆ ಒಂದು ಚೀಟಿಯನ್ನೂ ಆ ಮೂಲೆಯೊಳಗೆ ಇಟ್ಟೆ. ‘ತಪ್ಪಾಯಿತು ಮಗಳೇ’ ಎಂದು ಬರೆದಿದ್ದೆ. ಸುವರ್ಣಾಗೂ ತೋರಿಸಲಿಲ್ಲ. ಅನ್ವಿತಾಳ ಕೈಗೆ ತುತ್ತಿಗಿಂತ ದೊಡ್ಡದೇನೋ ಸಿಕ್ಕರೆ ಅನುಮಾನ ಬಂದು ಬಿಚ್ಚಿ ನೋಡುತ್ತಾಳೆ, ನನ್ನ ಮಗಳಲ್ಲವೇ ಎಂದುಕೊಂಡೆ. ಹೊಲಿದಾದ ಮೇಲೆ ಸುವರ್ಣಾ ಅವಳಿಗೆ ಫೋನು ಮಾಡಿ ನಿಮ್ಮಪ್ಪ ತುತ್ತು ಹಾಕಿದರು ಎಂದು ಹೇಳಿದಳು. ಅದಕ್ಕೆ ಅನ್ವಿತಾ ಹೇಳಿಕಳಿಸಿದ್ದು ಇಷ್ಟು: “ಒಳಗ ಏನ್ ಹಾಕ್ಯಾರ ಅಂತ ನಾ ಬಿಚ್ಚಿ ನೋಡಂಗಿಲ್ಲ ಅಂತ ಹೇಳು ಅಪ್ಪಗ.”

ಹಾಗಾಗಿ ಭಾನುವಾರ ನಾನೇ ಹೋಗಿ ಬಾಯಿಂದ ಹೇಳಬೇಕು. ನನಗೆ ಮಾತು ಕಲಿಸಿದವಳು ನೀನು. ಮೊದಲ ಮಾತು ಏನೆಂದು ಶುರು ಮಾಡಲಿ, ಶನಿವಾರದ ಒಳಗೆ ಮುಟ್ಟುವ ಹಾಗೆ ಒಂದು ಕಾರ್ಡು ಬರೆ.